ವೀರೇಶನ ತಾಟು

ಹಂಪಿಯ ಮಗ್ಗುಲಲ್ಲಿ ಬದುಕುವವರಿಗೆ ದೆವ್ವದ ಕಥೆಗಳಿಗೇನೂ ಬರವಿಲ್ಲ. ಪಾಳು ಮಂಟಪದಲ್ಲಿ ಗೆಜ್ಜೆ ಸದ್ದು ಕೇಳಿದವರು, ಕಡ್ಡಿರಾಂಪುರದ ರಸ್ತೆಯಲ್ಲಿ ಬಿಳಿ ಸೀರೆಯವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದವರು ನಮ್ಮಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಅಂಥವರನ್ನು ನಾನು ಚೆನ್ನಾಗಿ ಗೋಳು ಹೊಯ್ದುಕೊಂಡಿದ್ದೇನೆ. ಸೀರೆಯ ಅಂಚು ಯಾವ ಬಣ್ಣದ್ದು, ಇಳಿಯುವಾಗ ಪೆಟ್ರೋಲಿಗೆ ಏನಾದರೂ ಕೊಟ್ಟಳೇ ಎಂದೆಲ್ಲ ಕೇಳಿ, ಅವರು ಮುಖ ಸಿಂಡರಿಸಿಕೊಂಡು ಎದ್ದು ಹೋಗುವಂತೆ ಮಾಡುತ್ತಿದ್ದೆ.

ಆದ್ದರಿಂದ ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ಅದೂ ಅಲ್ಲದೆ ನನ್ನ ಕಥೆಯಲ್ಲಿ ಕತ್ತಲೆಯಿಲ್ಲ, ಗೆಜ್ಜೆಯಿಲ್ಲ. ಮಟಮಟ ಮಧ್ಯಾಹ್ನ, ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ, ಕಚೇರಿಯ ಕಂಪ್ಯೂಟರಿನ ಮುಂದೆ ನಡೆದದ್ದು ಇದು. ಪರಿಚಯದವರ ಹೆಸರಿನಲ್ಲಿ ಹಣ ಕೇಳುವ ಮೋಸದ ಮೇಲ್‌ಗಳು ಇವತ್ತು ಎಲ್ಲರಿಗೂ ಬರುತ್ತವೆ. ನನಗೆ ಬಂದದ್ದರಲ್ಲಿ ಒಂದು ಸಾಲು ಮಾತ್ರ ಬೇರೆ ಇತ್ತು.

ಸಂಡೂರಿನ ಗುಡ್ಡಗಳನ್ನು ಅಗೆದು ಅಗೆದು ಚೀನಾಕ್ಕೆ ಸಾಗಿಸುತ್ತಿದ್ದ ಕಾಲ. ಹೊಸಪೇಟೆಯ ರಸ್ತೆಗಳಲ್ಲಿ ಹಗಲು ರಾತ್ರಿ ಅದಿರಿನ ಲಾರಿಗಳ ಸಾಲು. ಗಿಡ, ಗೋಡೆ, ಎಮ್ಮೆ, ಒಗೆದು ಹಾಕಿದ ಬಟ್ಟೆ ಎಲ್ಲವೂ ಕೆಂಪು. ಊರಿಗೆ ಊರೇ ರೊಕ್ಕದ ಅಮಲಿನಲ್ಲಿತ್ತು. ನಾನು ಮಾತ್ರ ಸಂಡೂರು ರಸ್ತೆಯ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಸಂಬಳಕ್ಕೆ ಕಂಪ್ಯೂಟರ್ ಕುಟ್ಟುತ್ತಿದ್ದೆ. ನನ್ನೂರು ಬಂಡ್ರಿ. ತಂದೆ ತಾಯಿ ತೀರಿಕೊಂಡ ಮೇಲೆ ಅಲ್ಲಿಗೆ ಹೋಗುವ ಕಾರಣವೂ ಉಳಿದಿರಲಿಲ್ಲ. ಹೊಸಪೇಟೆಯಲ್ಲಿ ಒಂದು ಬಾಡಿಗೆ ಕೋಣೆ, ಊಟಕ್ಕೆ ಶಾಂತಕ್ಕನ ಖಾನಾವಳಿ. ಇಷ್ಟೇ ನನ್ನ ಸಂಸಾರ.

ಶಾಂತಕ್ಕ ಕಂಪ್ಲಿಯವಳು. ಗಂಡ ಹೋದ ಮೇಲೆ ತಮ್ಮ ವೀರೇಶನನ್ನು ಕರೆದುಕೊಂಡು ಹೊಸಪೇಟೆಗೆ ಬಂದು ಖಾನಾವಳಿ ಹಾಕಿದ್ದಳು. ಅವಳದೊಂದು ಪದ್ಧತಿಯಿತ್ತು. ತಿಂಗಳ ಊಟದವರು ತಮ್ಮ ತಾಟನ್ನು ತಾವೇ ತರಬೇಕು, ಪಾತ್ರೆ ಅಂಗಡಿಯಲ್ಲಿ ಅದರ ಮೇಲೆ ಹೆಸರು ಕೊರೆಸಿರಬೇಕು. ಎಲ್ಲ ತಾಟುಗಳೂ ಗೋಡೆಯ ಹಲಗೆಯ ಮೇಲೆ ಇರುತ್ತಿದ್ದವು. ತಾಟು ಅಂಗಾತ ಇದ್ದರೆ ಆ ಮನುಷ್ಯ ಇವತ್ತು ಉಣ್ಣಲು ಬರುತ್ತಾನೆ. ಊರಿಗೆ ಹೋಗುವವನು ಹೋಗುವ ಮುಂಚೆ ತನ್ನ ತಾಟನ್ನು ಬೋರಲು ಹಾಕಿ ಹೋಗಬೇಕು. ಅಕ್ಕ ಬೆಳಿಗ್ಗೆ ಒಮ್ಮೆ ಹಲಗೆಯ ಕಡೆ ಕಣ್ಣು ಹಾಯಿಸಿ ಎಷ್ಟು ರೊಟ್ಟಿಗೆ ಹಿಟ್ಟು ಬೇಕೆಂದು ಅಂದಾಜು ಮಾಡುತ್ತಿದ್ದಳು. ಬೋರಲು ಹಾಕಿದ ತಾಟನ್ನು ಬೇರೆಯವರಿಗೆ ಕೊಡುವಂತಿಲ್ಲ. ಅದರ ಧಣಿ ಊರಿಗೆ ಹೋಗಿದ್ದಾನೆ, ಬಂದೇ ಬರುತ್ತಾನೆ ಎಂದು ಅದರ ಅರ್ಥ.

ವೀರೇಶ ನಮ್ಮ ಕಚೇರಿಯಲ್ಲೇ ಇದ್ದ. ಲಾರಿಗಳ ಜೊತೆ ಬಂದರಿನ ತನಕ ಹೋಗಿ ಮಾಲು ಇಳಿಸಿ ಬರುವುದು ಅವನ ಕೆಲಸ. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ನನ್ನಂಥ ಮೂಗನ ಹೆಗಲ ಮೇಲೂ ಕೈ ಹಾಕಿಕೊಂಡು ತಾಸುಗಟ್ಟಲೆ ಮಾತಾಡಬಲ್ಲವನು. ಬಂದರಿನಲ್ಲಿ ಲಾರಿಗಳ ಸಾಲು ಬೆಳೆದು ತಡವಾದರೆ, ಮೊಬೈಲಿಗೆ ರೋಮಿಂಗ್ ದುಬಾರಿಯೆಂದು, ಅಲ್ಲಿನ ನೆಟ್ ಸೆಂಟರಿನಿಂದ ನನಗೊಂದು ಮೇಲ್ ಹಾಕುತ್ತಿದ್ದ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ. "ಅಕ್ಕಗ ಹೇಳು, ತಾಟು ಡಬ್ಬ ಹಾಕು" ಎಂದು. ಡಬ್ಬ ಹಾಕುವುದೆಂದರೆ ನಮ್ಮ ಕಡೆ ಬೋರಲು ಇಡುವುದು. ನಾನು ಊಟಕ್ಕೆ ಹೋದಾಗ ಅಕ್ಕನಿಗೆ ಹೇಳುತ್ತಿದ್ದೆ.

ಒಂದು ಮಳೆಗಾಲ ಕಳೆದ ಮೇಲೆ, ಊರ ಬದಿಯ ಕಾಲುವೆ ತುಂಬಿ ಹರಿಯುತ್ತಿದ್ದಾಗ, ವೀರೇಶ ಮೈಮೇಲಿನ ಅದಿರಿನ ಧೂಳು ತೊಳೆದುಕೊಳ್ಳಲು ಸಂಜೆ ನೀರಿಗಿಳಿದ. ಮೈನ್ಸಿನ ಕೆಲಸದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಆಮೇಲೆ ಅವನು ಯಾರಿಗೂ ಕಾಣಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ, ಟವೆಲ್ಲು, ಮಡಚಿಟ್ಟ ಅಂಗಿ, ಅಂಗಿಯ ಜೇಬಿನಲ್ಲಿ ಮೊಬೈಲು ಸಿಕ್ಕವು. ಕಂಪ್ಲಿ ಕಡೆಯ ಗೇಟುಗಳ ತನಕ ಹುಡುಕಿದೆವು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗ ಅಕ್ಕ ನನ್ನನ್ನು ಕರೆದುಕೊಂಡು ಹೋಗಿ, ಒಣಗಿದ ಕಾಲುವೆಯ ಉದ್ದಕ್ಕೂ ಬಿಸಿಲಲ್ಲಿ ನಡೆದಳು. ಏನೂ ಇರಲಿಲ್ಲ. "ಹೊಳಿಯಾಗ ಹುಟ್ಟಿ ಬೆಳದಾವ ಕಾಲುವ್ಯಾಗ ಮುಳುಗತಾನೇನು?" ಎಂದು ಒಂದೇ ಮಾತು ಕೇಳಿದಳು.

ಅವನ ತಾಟು ಹಲಗೆಯ ಮೇಲೆ ಬೋರಲಾಗಿಯೇ ಉಳಿಯಿತು. ಅದನ್ನು ಹಾಗೆ ಇಟ್ಟವಳು ಅಕ್ಕ. ಊಟಕ್ಕೆ ಬರುವ ಲಾರಿಯವರ ಗದ್ದಲ ಹೆಚ್ಚಾಗಿ ತಾಟು ಸಾಲದೆ ಹೋದರೂ ಅವಳು ಅದನ್ನು ಮುಟ್ಟುತ್ತಿರಲಿಲ್ಲ, ಮುಟ್ಟಲು ಬಿಡುತ್ತಿರಲಿಲ್ಲ. ಹೂಳಲು ದೇಹವೇ ಸಿಗದ ಮೇಲೆ ಕಂಪ್ಲಿಯ ಮನೆಯವರಿಗೆ ಮುಂದಿನ ಕಾರ್ಯ ಮಾಡುವುದೋ ಬಿಡುವುದೋ ತಿಳಿಯಲಿಲ್ಲ. ಅಕ್ಕ ಒಪ್ಪದೆ ಅವರೂ ಹೆಜ್ಜೆ ಇಡುವಂತಿರಲಿಲ್ಲ.

ಇನ್ನು ನನ್ನ ಕಡೆಯ ಸಂಗತಿ. ಪ್ರತಿದಿನ ಸಂಜೆ ಎಷ್ಟು ಲಾರಿ ಹೋದವು, ಎಷ್ಟು ನಿಂತವು ಎಂದು ಕಚೇರಿಯವರೆಲ್ಲರಿಗೂ ಒಂದೇ ವರದಿಯನ್ನು ಮೇಲ್ ಮಾಡುವುದು ನನ್ನ ಕೆಲಸವಾಗಿತ್ತು. ಆ ಸಾಲಿನಲ್ಲಿ ವೀರೇಶನ ವಿಳಾಸವೂ ಇತ್ತು. ಅದನ್ನು ತೆಗೆದುಹಾಕೆಂದು ಯಾರೂ ಹೇಳಲಿಲ್ಲ, ನಾನೂ ತೆಗೆಯಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಎಲ್ಲರಿಗೂ ಕಳಿಸಿ ಮುಗಿಸಿ, ಅವನೊಬ್ಬನಿಗೇ ಬೇರೆಯಾಗಿ ಒಂದೆರಡು ಸಾಲು ಬರೆಯಲು ಶುರುಮಾಡಿದೆ. ಇವತ್ತು ಧೂಳು ಭಾಳ. ಮರಿಯಮ್ಮನಹಳ್ಳಿ ಹತ್ತಿರ ಲಾರಿಗಳು ಎರಡು ತಾಸು ನಿಂತವು. ಅಕ್ಕ ಎಣ್ಣೆಗಾಯಿ ಮಾಡಿದ್ದಳು. ಹೀಗೆ. ಅವನು ಓದುತ್ತಾನೆಂಬ ಭ್ರಮೆ ನನಗಿರಲಿಲ್ಲ. ದಿನವೆಲ್ಲ ನೋಡಿದ್ದನ್ನು ಹೇಳಲು ನನಗೆ ಇನ್ನೊಬ್ಬರು ಇರಲಿಲ್ಲ, ಅಷ್ಟೇ. ಕಳಿಸಿದ ಮೇಲೆ ಕೋಣೆಗೆ ಹೋಗಿ ಮಲಗುವುದು ಸ್ವಲ್ಪ ಹಗುರಾಗುತ್ತಿತ್ತು.

ಕಾಲುವೆಯಲ್ಲಿ ಎರಡನೆಯ ಸಲ ನೀರು ನಿಂತ ಬೇಸಿಗೆಯಲ್ಲಿ ಅಕ್ಕ ಕಡೆಗೂ ಮೆತ್ತಗಾದಳು. ಮನೆತನದ ಸ್ವಾಮಿಗಳು ಬಂದು, ಹೋದವನಿಗೆ ದಾರಿ ಬಿಡಬೇಕಮ್ಮಾ ಎಂದು ಹೇಳಿಹೋಗಿದ್ದರು. ಬರುವ ಸೋಮವಾರ ಕಂಪ್ಲಿಯಲ್ಲಿ ವೀರೇಶನ ಹೆಸರಿನಲ್ಲಿ ಶಿವಗಣಾರಾಧನೆ ಎಂದು ನಿಶ್ಚಯವಾಯಿತು. ಅದರ ಕಾರ್ಡನ್ನು ಅಚ್ಚು ಹಾಕಿಸಿಕೊಟ್ಟವನು ನಾನೇ. ಆದರೆ ಆ ವಾರ ವೀರೇಶನಿಗೆ ಬರೆದ ಸಾಲುಗಳಲ್ಲಿ ಆ ವಿಷಯವನ್ನು ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಆ ವಾರದ ನಡುವೆಯೇ ಇದು ನಡೆದದ್ದು. ಲಾರಿಗಳ ಗಲಾಟೆಯಲ್ಲಿ ನಾನು ಊಟಕ್ಕೆ ಹೋಗುವುದು ತಡವಾಗಿತ್ತು. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಹೊರಡುವ ಮುಂಚೆ ಸುಮ್ಮನೆ ಮೇಲ್ ತೆರೆದರೆ ಎಲ್ಲಕ್ಕಿಂತ ಮೇಲೆ ವೀರೇಶನ ಹೆಸರಿತ್ತು.

ತೆರೆದೆ. ಇಂಗ್ಲಿಷಿನಲ್ಲಿತ್ತು. ತುರ್ತು ಕೆಲಸಕ್ಕೆಂದು ಲಂಡನ್ನಿಗೆ ಬಂದಿದ್ದೇನೆ, ಇಲ್ಲಿ ನನ್ನ ಚೀಲ ಕಳುವಾಗಿದೆ, ಹೋಟೆಲಿನವರು ಬಿಡುತ್ತಿಲ್ಲ, ಫೋನು ಮಾಡಬೇಡ, ಮೇಲ್ ಮಾತ್ರ ಮಾಡು, ಕೂಡಲೇ ಹಣ ಕಳಿಸು, ಬಂದ ಮೇಲೆ ತೀರಿಸುತ್ತೇನೆ. ಬಂದರು ಬಿಟ್ಟು ಬೇರೆ ಊರು ನೋಡದ ವೀರೇಶ ಲಂಡನ್ನಿಗೆ ಹೋಗಿ ಅಷ್ಟು ಸೊಗಸಾದ ಇಂಗ್ಲಿಷ್ ಬರೆಯುವುದೆಂದರೇನು? ಯಾರೋ ಖದೀಮರ ಕೆಲಸವೆಂದು ನನಗೂ ತಿಳಿಯಿತು. ತಿಳಿದರೂ, ಇನ್ನೊಂದು ಗಳಿಗೆ ತಿಳಿಯದೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಮುಚ್ಚಬೇಕೆಂದು ಕೆಳಗೆ ಸರಿಸಿದಾಗ, ಬಹಳ ಜಾಗ ಬಿಟ್ಟು, ಕಟ್ಟಕಡೆಗೆ ಇನ್ನೊಂದು ಸಾಲಿತ್ತು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ.

"ಅಕ್ಕಗ ಹೇಳು, ನನ್ನ ತಾಟು ಯಾರಿಗೂ ಕೊಡಬ್ಯಾಡ ಅನ್ನು."

ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಬೈಕು ಹತ್ತಿದೆ. ಲಾರಿಗಳ ಧೂಳಿನಲ್ಲಿ ಹೇಗೆ ಹೊಸಪೇಟೆ ಮುಟ್ಟಿದೆನೋ ನೆನಪಿಲ್ಲ. ಅಕ್ಕನಿಗೆ ಏನೂ ಹೇಳಬಾರದು, ಸುಮ್ಮನೆ ಹಲಗೆ ನೋಡಿ, ತಾಟು ಅಲ್ಲೇ ಇರುವುದನ್ನು ನೋಡಿ, ಉಂಡು ಬರಬೇಕು ಎಂದುಕೊಂಡಿದ್ದೆ. ಸೋಮವಾರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡವಳ ಮುಂದೆ ಇಂಥ ಸುಳ್ಳು ಮೇಲ್‌ನ ಮಾತು ತೆಗೆದು ಅವಳನ್ನು ಮತ್ತೆ ಕಾಲುವೆಯ ದಂಡೆಗೆ ಕಳಿಸುವುದು ನನಗೆ ಬೇಕಿರಲಿಲ್ಲ.

ಹಲಗೆಯ ಮೇಲೆ ಆ ತಾಟಿನ ಜಾಗ ಖಾಲಿ ಇತ್ತು.

ಊಟ ಮುಗಿಯುವ ಹೊತ್ತು. ಹಿತ್ತಲಲ್ಲಿ ಮುಸುರೆ ತಾಟುಗಳ ರಾಶಿ ಬಿದ್ದಿತ್ತು. ಹೋಗಿ ನೋಡಿದೆ. ಎಲ್ಲಕ್ಕಿಂತ ಮೇಲಿನದರ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ವೀರೇಶನ ಹೆಸರು, ಅದರ ಮೇಲೆ ಸಾರಿನ ಕಲೆ. ಎಷ್ಟು ಹೊತ್ತು ನೋಡುತ್ತ ನಿಂತೆನೋ, ಅಕ್ಕ ಹಿಂದೆ ಬಂದು ನಿಂತದ್ದೇ ತಿಳಿಯಲಿಲ್ಲ.

"ಹೊಸಾ ಡ್ರೈವರ ಒಬ್ಬಾವ ಬಂದಿದ್ದ. ತಾಟು ಇರಲಿಲ್ಲ" ಎಂದಳು. ನಾನು ಕೇಳದೆಯೇ ಹೇಳುತ್ತಿದ್ದಳು. "ಸೋಮವಾರ ಹೆಂಗೂ ಮುಗಿಸೋದೈತಿ. ಇನ್ನ ಯಾಕ ಇಟಗೊಂಡು ಕುಂದ್ರೋದು ಅಂತ ತಗದುಕೊಟ್ಟೆ." ಆಮೇಲೆ ನನ್ನ ಮುಖ ನೋಡಿ, "ಯಾಕೋ? ಏನಾತು?" ಎಂದಳು.

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅದರಲ್ಲೂ ಅಕ್ಕನ ಮುಂದೆ. ಎಲ್ಲವನ್ನೂ ಹೇಳಿದೆ. ಮೋಸದ ಮೇಲ್ ಎಂದು ಮೊದಲೇ ಹೇಳಿದೆ, ನಡುವೆ ಹೇಳಿದೆ, ಕೊನೆಗೂ ಹೇಳಿದೆ. ಅಕ್ಕ ಹಿತ್ತಲ ಕಲ್ಲಿನ ಮೇಲೆ ಕುಳಿತು ಕೇಳಿದಳು. ಅಳಲಿಲ್ಲ. "ನಾವು ಬರದ್ರ ಅತ್ತಾಗಿಂದ ಬರೀತಾನೇನು?" ಎಂದಳು.

"ಬರೀಬಹುದಕ್ಕಾ. ಆದ್ರ ಅವ ವೀರೇಶ ಅಲ್ಲ."

"ಇರಲಿ. ಊಟ ಆತೇನು ಅಂತ ಕೇಳು."

ಬಸ್‌ಸ್ಟ್ಯಾಂಡಿನ ಹತ್ತಿರ ರಫೀಕನ ನೆಟ್ ಸೆಂಟರ್ ಇತ್ತು. ನಮ್ಮ ಕಚೇರಿಯವರಿಗೆಲ್ಲ ಮೊದಲು ಮೇಲ್ ವಿಳಾಸ ಮಾಡಿಕೊಟ್ಟವನು ಅವನೇ. ಮೇಲ್ ನೋಡಿ ಅವನಿಗೇನೂ ಆಶ್ಚರ್ಯವಾಗಲಿಲ್ಲ. "ಇದು ದಂಧೆ ಐತ್ರಿ. ಒಬ್ಬರ ಪಾಸ್‌ವರ್ಡ್ ಹಿಡದು ಒಳಗ ಹೊಗತಾರ. ಹಳೇ ಮೇಲ್ ಎಲ್ಲಾ ಓದತಾರ. ಆಮ್ಯಾಲ ಅವರ ಹೆಸರಿಲೇ ದೋಸ್ತರಿಗೆಲ್ಲಾ ರೊಕ್ಕ ಕೇಳಿ ಬರೀತಾರ" ಎಂದ. ಪಾಸ್‌ವರ್ಡ್ ಏನಿತ್ತೆಂದು ಕೇಳಿದ. ನನಗೆ ಗೊತ್ತಿತ್ತು. ನಮ್ಮ ಕಚೇರಿಯಲ್ಲಿ ಎಲ್ಲರದೂ ಒಂದೇ ರೀತಿ, ಮರೆಯಬಾರದೆಂದು ಲಾರಿಯ ನಂಬರು. ಲಾರಿಯ ಹಿಂದೆ ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿಕೊಂಡು ಬಂದರಿನ ತನಕ ಮೆರೆಸುತ್ತಿದ್ದುದನ್ನೇ ನಾವು ಗುಟ್ಟೆಂದು ಇಟ್ಟುಕೊಂಡಿದ್ದೆವು. ರಫೀಕ ತಲೆ ಚಚ್ಚಿಕೊಂಡ.

ಕಡೆಯ ಸಾಲಿಗೂ ಅವನ ಹತ್ತಿರ ಉತ್ತರವಿತ್ತು. ಹಳೆಯ ಮೇಲ್‌ನಿಂದ ಒಂದು ಸಾಲು ಎತ್ತಿ ಕೆಳಗೆ ಅಂಟಿಸಿದರೆ ಓದುವವನಿಗೆ ನಂಬಿಕೆ ಬರುತ್ತದೆ, ಅದಕ್ಕೆ ಹಾಗೆ ಮಾಡಿದ್ದಾರೆ ಎಂದ. ಇರಬಹುದು. ಆದರೆ ವೀರೇಶ ಬರೆಯುತ್ತಿದ್ದುದು ತಾಟು ಬೋರಲು ಹಾಕು ಎಂದು. ಕೊಡಬ್ಯಾಡ ಎಂದು ಅವನು ಬರೆದ ನೆನಪು ನನಗಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಬೋರಲು ಹಾಕಿದ ತಾಟನ್ನು ಅಕ್ಕ ಕೊಡುತ್ತಿರಲಿಲ್ಲವಲ್ಲ. ಖಾತ್ರಿ ಮಾಡಿಕೊಳ್ಳೋಣವೆಂದರೆ ಅವನ ಹಳೆಯ ಮೇಲ್‌ಗಳು ನನ್ನ ಹತ್ತಿರ ಉಳಿದಿರಲಿಲ್ಲ. ಆಗ ಮೇಲ್ ಪೆಟ್ಟಿಗೆ ಬೇಗ ತುಂಬುತ್ತಿತ್ತು, ಆಗಾಗ ಅಳಿಸಿ ಜಾಗ ಮಾಡಬೇಕಾಗುತ್ತಿತ್ತು. ಅವನು ಇಲ್ಲದವನಾಗುತ್ತಾನೆಂದು ಗೊತ್ತಿದ್ದರೆ ಒಂದನ್ನೂ ಅಳಿಸುತ್ತಿರಲಿಲ್ಲ.

ರಫೀಕ ಬೇಡವೆಂದರೂ ಕೇಳದೆ ನಾನು ಬರೆದೆ, ವೀರೇಶ ಬರೆಯುತ್ತಿದ್ದ ಹಾಗೆಯೇ. "ಅಕ್ಕ ಕೇಳ್ಯಾಳ, ಊಟ ಆತೇನು?"

ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ಇಂಗ್ಲಿಷಿನಲ್ಲಿ ಒಂದೇ ಸಾಲು, ಎಷ್ಟು ಬೇಗ ಕಳಿಸಬಲ್ಲೆ ಎಂದು. ಊಟದ ಸುದ್ದಿಯೇ ಇಲ್ಲ. ಇನ್ನೊಮ್ಮೆ ಅದನ್ನೇ ಕೇಳಿದೆ. ಮತ್ತೆ ಏನೂ ಬರಲಿಲ್ಲ.

ಮರುದಿನ ಕಚೇರಿಯಲ್ಲಿ ವಿಚಾರಿಸಿದೆ. ವರದಿಯ ಸಾಲಿನಲ್ಲಿದ್ದ ಎಲ್ಲರಿಗೂ ಅದೇ ಮೇಲ್ ಬಂದಿತ್ತು. ಕ್ಯಾಷಿಯರ್ ಹೆದರಿ ದೇವಸ್ಥಾನಕ್ಕೆ ಹೋಗಿ ಬಂದಿದ್ದ. ನಾನು ಒಬ್ಬೊಬ್ಬರದನ್ನೂ ತೆರೆಸಿ ಕೆಳಗಿನ ತನಕ ಸರಿಸಿ ನೋಡಿದೆ. ಲಂಡನ್ನು, ಚೀಲ, ಹೋಟೆಲು ಎಲ್ಲ ಇತ್ತು. ತಾಟಿನ ಸಾಲು ಯಾರದರಲ್ಲೂ ಇರಲಿಲ್ಲ. ನಿಮ್ಮ ಮೇಲ್‌ಗಳೇ ಅವನ ಪೆಟ್ಟಿಗೆಯಲ್ಲಿ ಹೆಚ್ಚಿದ್ದವು, ಅದಕ್ಕೆ ನಿಮಗೆ ವಿಶೇಷ ಎಂದು ರಫೀಕ ಆಮೇಲೆ ಹೇಳಿದ. ಅದೂ ಇರಬಹುದು.

ಆದರೆ ಅಕ್ಕನಿಗೆ ಉತ್ತರ ಹೇಳಿದ್ದು ಮೇಲ್ ಬಂದ ದಿನ ಸಂಜೆಯೇ. ಅವಳು ಖಾನಾವಳಿಯ ಬಾಗಿಲಲ್ಲೇ ಕಾಯುತ್ತಿದ್ದಳು. ಊಟದ ಮಾತಿಗೆ ಅವನು ಏನೂ ಅನ್ನಲಿಲ್ಲ, ರೊಕ್ಕ ಎಷ್ಟು ಬೇಗ ಕಳಿಸುತ್ತೀ ಎಂದು ಕೇಳಿದ ಎಂದೆ. ಅಕ್ಕ ತಲೆಯಾಡಿಸಿದಳು.

"ರೊಕ್ಕ ಕೇಳಿದಾವ ನನ್ನ ತಮ್ಮ ಅಲ್ಲ" ಎಂದಳು. ಒಳಗೆ ಹೋಗುತ್ತ ತಿರುಗಿ, "ತಾಟು ಕೇಳಿದಾವ ನನ್ನ ತಮ್ಮನೇ" ಎಂದಳು.

ಒಂದೇ ಮೇಲ್‌ನಲ್ಲಿ ಇಬ್ಬರು ಹೇಗಿರುತ್ತಾರೆ ಎಂದು ನಾನು ವಾದ ಮಾಡಲಿಲ್ಲ. ಕೆಲಸದವಳು ತೊಳೆದಿಟ್ಟಿದ್ದ ತಾಟನ್ನು ಅಕ್ಕ ಇನ್ನೊಮ್ಮೆ ತಾನೇ ತಿಕ್ಕಿ ತೊಳೆದು, ಸೆರಗಿನಿಂದ ಒರೆಸಿ, ಹಲಗೆಯ ಅದೇ ಜಾಗದಲ್ಲಿ ಬೋರಲು ಹಾಕಿದಳು. ಸೋಮವಾರದ ಕಾರ್ಯವನ್ನೂ ಬಿಡಲಿಲ್ಲ. ಕಂಪ್ಲಿಗೆ ನಾನೂ ಹೋಗಿದ್ದೆ. ಜಂಗಮರಿಗೆ ಊಟವಾಯಿತು, ವೀರೇಶನ ಫೋಟೋಕ್ಕೆ ಹಾರ ಬಿತ್ತು, ನೆಂಟರು ಅತ್ತು ಉಂಡು ಹೊರಟರು. ಅಕ್ಕನೂ ಅತ್ತಳು. ವಾಪಸು ಬರುವಾಗ ಬಸ್ಸಿನಲ್ಲಿ ಧೈರ್ಯ ಮಾಡಿ ತಾಟಿನ ವಿಷಯ ಕೇಳಿದೆ. "ಅದು ಊರಿಗಿ ಮಾಡಿದ್ದು. ಇದು ನನಗ" ಎಂದು ಕಿಟಕಿಯ ಕಡೆ ತಿರುಗಿದಳು.

ವೀರೇಶನ ಮೇಲ್ ಖಾತೆಯನ್ನು ಸ್ವಲ್ಪ ದಿನದಲ್ಲಿ ಯಾರು ಮುಚ್ಚಿದರೋ, ಕಳಿಸಿದ ವರದಿ ತಲುಪಲಿಲ್ಲವೆಂದು ತಿರುಗಿ ಬಂತು. ಅಂಥ ವಿಳಾಸವೇ ಇಲ್ಲ ಎಂದಿತ್ತು. ಆ ಸಂಜೆ ವಿಳಾಸ ತೆಗೆದುಹಾಕಿದೆ. ಹೇಳಬೇಕಾದದ್ದೆಲ್ಲ ಬಾಯಲ್ಲೇ ಉಳಿದು, ಕೋಣೆಗೆ ಹೋಗಲು ಮನಸ್ಸಾಗದೆ, ಲಾರಿಗಳನ್ನು ನೋಡುತ್ತ ರಸ್ತೆಯ ಬದಿ ಕೂತಿದ್ದೆ. ಆ ಕಳ್ಳನ ಮೇಲೆ ನನಗೆ ಸಿಟ್ಟು ಬಂದದ್ದು ಅವತ್ತು. ಅವನು ಕದ್ದದ್ದು ನನ್ನ ಹಣವನ್ನಲ್ಲ.

ಮುಂದೆ ಗಣಿಗಳು ನಿಂತವು. ಲಾರಿಗಳು ಗಿಡದ ಬುಡದಲ್ಲಿ ತುಕ್ಕು ಹಿಡಿದವು. ಖಾನಾವಳಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು, ಹೋಗುವಾಗ ತಮ್ಮ ತಾಟು ತೆಗೆದುಕೊಂಡು ಹೋದರು. ಹಲಗೆಯ ಮೇಲೆ ಕೊನೆಗೆ ಉಳಿದದ್ದು ಎರಡೇ, ನನ್ನದು ಮತ್ತು ವೀರೇಶನದು. ಅಕ್ಕ ಖಾನಾವಳಿ ಮುಚ್ಚಿ ಕಂಪ್ಲಿಗೆ ಹೊರಟ ದಿನ ಎರಡನ್ನೂ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಅವಂದು ಡಬ್ಬ ಇಡು" ಎಂದಳು. ಈಗ ಅವಳೂ ಇಲ್ಲ.

ನಾನು ಹೊಸಪೇಟೆಯಲ್ಲೇ ಇದ್ದೇನೆ. ಪರಿಚಯದವರ ಹೆಸರಿನಲ್ಲಿ ಮೋಸದ ಮೇಲ್‌ಗಳು ಈಗಲೂ ಬರುತ್ತವೆ, ಅಳಿಸುತ್ತೇನೆ. ಅಳಿಸುವ ಮುಂಚೆ ಒಮ್ಮೆ ಕೆಳಗಿನ ತನಕ ಸರಿಸಿ ನೋಡುವುದನ್ನು ಮಾತ್ರ ಬಿಡಲಾಗಿಲ್ಲ. ಅಕ್ಕ ಆ ತಾಟನ್ನು ಕೆಳಗಿಳಿಸಿದ ಊಟದ ಹೊತ್ತಿಗೇ, ನನಗೇ ಗೊತ್ತಿಲ್ಲದ ಆ ಸಂಗತಿ, ಎಲ್ಲೋ ಕೂತ ಕಳ್ಳನ ಸಾಲಿನಲ್ಲಿ ಹೇಗೆ ಬಂತೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆದಿಲ್ಲ. ಕಾಕತಾಳೀಯ ಎನ್ನುತ್ತಾರೆ. ನಾನೂ ಹಾಗೆಯೇ ಎನ್ನುತ್ತೇನೆ.

ನನ್ನ ಮನೆಗೆ ಊಟಕ್ಕೆ ಬರುವವರು ಕಡಿಮೆ. ಮೊನ್ನೆ ಬಂಡ್ರಿ ಕಡೆಯ ದೂರದ ನೆಂಟರು ಮೂವರು ಹೇಳದೆ ಕೇಳದೆ ಬಂದರು. ಬಡಿಸಲು ಹೋದರೆ ಒಂದು ತಾಟು ಕಡಿಮೆ ಬಿತ್ತು. ಅವರಲ್ಲೊಬ್ಬರು ಅಡುಗೆಮನೆಯ ಹಲಗೆ ನೋಡಿ, "ಅಲ್ಲೊಂದು ಡಬ್ಬ ಹಾಕಿದ್ದು ಐತಲ್ರಿ, ಅದನ್ನ ತಗೀರಿ" ಎಂದು ತಾವೇ ಕೈ ಚಾಚಿದರು.

"ಅದು ಬ್ಯಾಡ್ರಿ" ಎಂದೆ. "ಅದರ ಧಣಿ ಊರಿಗಿ ಹೋಗ್ಯಾನ."

ಹೇಳಿದ ಮೇಲೆ, ನಾನೇನು ಹೇಳಿದೆನೆಂದು ನನಗೇ ಕೇಳಿಸಿತು. ಅವರು ಏನೆಂದುಕೊಂಡರೋ ಗೊತ್ತಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬಾಳೆ ಎಲೆ ತರಲು ಹೋದೆ.